ತುಮಕೂರಿನಿಂದ ದಿನಕ್ಕೊಂದೇ ದಾರಿ

ತುಮಕೂರಿಗೆ ಬಂದವರು ಸಾಮಾನ್ಯವಾಗಿ ಸಿದ್ಧಗಂಗೆ, ದೇವರಾಯನದುರ್ಗ, ಗೊರವನಹಳ್ಳಿ ಮೂರನ್ನೂ ಒಂದೇ ದಿನ ಸುತ್ತಿ ಹೊರಟುಬಿಡುತ್ತಾರೆ. ಏನು ನೋಡಿದಿರಿ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ನಮ್ಮ ಜಿಲ್ಲೆಯನ್ನು ಹಾಗೆ ನೋಡಬಾರದು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ರಜೆ ಸಿಕ್ಕರೆ ಸ್ಕೂಟರ್ ತೆಗೆದುಕೊಂಡು ಒಂದೇ ರಸ್ತೆ ಹಿಡಿಯುತ್ತೇನೆ, ಸಂಜೆಗೆ ವಾಪಸ್. ನೀವೂ ದಿನಕ್ಕೊಂದೇ ದಾರಿ ಇಟ್ಟುಕೊಳ್ಳಿ. ಊರಿನ ಹೆಸರಿಗಿಂತ ಹೊತ್ತು ಮುಖ್ಯ. ದೇವಸ್ಥಾನ ಬೆಳಗ್ಗೆ, ಕೆರೆ, ಹಕ್ಕಿ ಸಂಜೆ. ಮಧ್ಯಾಹ್ನ ಅರ್ಚಕರು ಬೀಗ ಹಾಕಿಕೊಂಡು ಊಟಕ್ಕೆ ಹೋಗುತ್ತಾರೆ, ಹಳ್ಳಿಗಳಲ್ಲಂತೂ ಆಮೇಲೆ ಯಾರೂ ಸಿಗುವುದಿಲ್ಲ.

ಒಂದೇ ದಿನ ಬಿಡುವಿದ್ದರೆ ತಿಪಟೂರು ರಸ್ತೆ ಹಿಡಿಯಿರಿ ಅನ್ನುತ್ತೇನೆ. ಬೇಗ ಹೊರಡಿ. ಗುಬ್ಬಿ, ನಿಟ್ಟೂರು ದಾಟಿದ ಮೇಲೆ ಎರಡೂ ಕಡೆ ತೆಂಗಿನ ತೋಟ. ಕೆ.ಬಿ. ಕ್ರಾಸ್‌ನಲ್ಲಿ ಟೀ ಕುಡಿದು ಅರಳಗುಪ್ಪೆಗೆ ತಿರುಗಿ. ಅಲ್ಲಿ ಕಲ್ಲೇಶ್ವರ ದೇವಸ್ಥಾನ ಇದೆ, 9ನೇ ಶತಮಾನದ್ದು, ನೊಳಂಬ ಅರಸರ ಕಾಲದ ಕೆಲಸ. ಹೊರಗಿನಿಂದ ತೀರಾ ಸಾಧಾರಣ. ಅದನ್ನು ನೋಡಿಯೇ ಎಷ್ಟೋ ಜನ ಗಾಡಿ ತಿರುಗಿಸುತ್ತಾರೆ. ಇರುವುದೆಲ್ಲ ಒಳಗೆ, ತಲೆಯ ಮೇಲೆ. ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದ, ಚಾವಣಿಯ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿನ ದೇವರುಗಳು. ಆನೆ ಮೇಲೆ ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣನ ಮೇಲೆ ಯಮ. ಮೂಲೆಗಳಲ್ಲಿ ಹಾರುವ ಗಂಧರ್ವರು.

ಕತ್ತೆತ್ತಿ ನೋಡಿದರೆ ಎರಡು ನಿಮಿಷಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಒಂದು ಚಾಪೆ ತೆಗೆದುಕೊಂಡು ಹೋಗಿ. ಅರ್ಚಕರನ್ನು ಕೇಳಿ, ಒಪ್ಪಿದರೆ ಕೆಳಗೆ ಮಲಗಿ ನೋಡಿ. ಟಾರ್ಚೂ ಇರಲಿ, ಆದರೆ ನೇರವಾಗಿ ಮೇಲಕ್ಕೆ ಬಿಡಬೇಡಿ. ಹಾಗೆ ಬಿಟ್ಟರೆ ಕಲ್ಲು ಚಪ್ಪಟೆಯಾಗಿ, ಬೆಳ್ಳಗೆ ಕಾಣುತ್ತದೆ. ಪಕ್ಕಕ್ಕೆ ಹೋಗಿ ಓರೆಯಾಗಿ ಹಿಡಿಯಿರಿ. ನೆರಳು ಬೀಳುತ್ತದೆ. ಬೆರಳು, ಬಳೆ, ಕೊರಳ ಸರ ಒಂದೊಂದಾಗಿ ಎದ್ದು ಬರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಟಾರ್ಚನ್ನು ಅವರ ಕೈಗೇ ಕೊಡುತ್ತೇನೆ. ಬೆಳಕು ಯಾವ ಕಡೆಯಿಂದ ಬರಬೇಕು ಅನ್ನುವುದನ್ನು ಕ್ಲಾಸಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಅಲ್ಲಿ ತಾನಾಗಿಯೇ ಗೊತ್ತಾಗುತ್ತದೆ.

ಅದೇ ಊರಿನಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಸ್ಥಾನವೂ ಇದೆ. ಎರಡಕ್ಕೂ ನಡುವೆ ಸುಮಾರು ನಾಲ್ಕು ನೂರು ವರ್ಷದ ಅಂತರ. ಇಲ್ಲಿ ಒಳಗಿಗಿಂತ ಹೊರಗೋಡೆ ಚೆಂದ. ಬಳಪದ ಕಲ್ಲು ಮೆದು, ಅದಕ್ಕೇ ಅಷ್ಟು ಸಣ್ಣ ಕೆಲಸ ಸಾಧ್ಯ. ಬಿಸಿಲು ನೆತ್ತಿಗೇರುವ ಮುಂಚೆ ಒಂದು ಸುತ್ತು ಹಾಕಿಬಿಡಿ. ಆಮೇಲೆ ಯಾವುದಾದರೂ ಮರದ ನೆರಳಲ್ಲಿ ಬುತ್ತಿ ಬಿಚ್ಚಿ. ದೊಡ್ಡ ಹೋಟೆಲ್ ನಂಬಿಕೊಂಡು ಹೋಗಬೇಡಿ. ಊಟ ಆದ ಮೇಲೆ ತುರುವೇಕೆರೆ. ಚೆನ್ನಿಗರಾಯ, ಮೂಲೆ ಶಂಕರೇಶ್ವರ ಎರಡೂ ಹೊಯ್ಸಳರವೇ. ಗಂಗಾಧರೇಶ್ವರನ ಮುಂದಿನ ಕಪ್ಪು ನಂದಿಯನ್ನು ಬಿಡಬೇಡಿ, ಇವತ್ತಿಗೂ ಅದರ ಮೈ ಹೊಳೆಯುತ್ತದೆ.

ಇನ್ನೊಂದು ದಿನ ಇದ್ದರೆ ಶಿರಾ ರಸ್ತೆ. ಹೈವೇ ಹತ್ತಿರವೇ ಸೀಬಿ ನರಸಿಂಹಸ್ವಾಮಿ ದೇವಸ್ಥಾನ. ಇದನ್ನು ಕಟ್ಟಿಸಿದವರು ಟಿಪ್ಪು ಸುಲ್ತಾನನ ಕಾಲದ ನಲ್ಲಪ್ಪ ಮತ್ತು ಅವರ ಅಣ್ಣತಮ್ಮಂದಿರು. ಮುಂದಿನ ಮಂಟಪದ ಮಾಡಿನಲ್ಲಿ ಬಣ್ಣದ ಚಿತ್ರಗಳಿವೆ, ದೇವರ ಕಥೆಗಳ ಜೊತೆಗೆ ದರ್ಬಾರಿನ ಚಿತ್ರಗಳೂ. ದಯವಿಟ್ಟು ಫ್ಲ್ಯಾಶ್ ಹಾಕಬೇಡಿ, ಗೋಡೆ ಮುಟ್ಟಬೇಡಿ. ಹೋದ ಬಣ್ಣ ಮತ್ತೆ ಬರುವುದಿಲ್ಲ. ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಶಿರಾ ಒಂದು ಕಾಲಕ್ಕೆ ಮೊಘಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ. ಕೋಟೆ, 1651ರ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ ನೋಡಲು ಎರಡು ಗಂಟೆ ಸಾಕು. ಬಿಸಿಲು ಇಳಿದ ಮೇಲೆ ಕಗ್ಗಲಡುವಿಗೆ ಹೋಗಿ. ಫೆಬ್ರವರಿಯಿಂದ ಆಗಸ್ಟ್ ಒಳಗೆ ಹೋದರೆ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕಗಳ ಗೂಡು. ಮರದ ಕೆಳಗೇ ಜನರ ಮನೆ. ಹಕ್ಕಿಗಳನ್ನು ಕಾಪಾಡುತ್ತಿರುವವರು ಆ ಊರಿನವರೇ. ಗಾಡಿಯನ್ನು ದೂರ ನಿಲ್ಲಿಸಿ ನಡೆದು ಹೋಗಿ, ಹಾರ್ನ್ ಬೇಡ. ಬೈನಾಕ್ಯುಲರ್ ಬೇಕೇ ಬೇಕು ಅಂತೇನಿಲ್ಲ, ಅಷ್ಟು ಹತ್ತಿರ ಕಾಣುತ್ತವೆ.

ಮಧುಗಿರಿ ಬೆಟ್ಟಕ್ಕೆ ಪೂರ್ತಿ ಒಂದು ದಿನ ಬೇಕು. ತುಮಕೂರಿನಿಂದ ಸುಮಾರು 43 ಕಿಲೋಮೀಟರ್. ಇಡೀ ಬೆಟ್ಟ ಒಂದೇ ಬಂಡೆ, ಅದರ ಮೈಮೇಲೆ ಕೋಟೆ. ಅರ್ಧದವರೆಗೆ ಯಾರು ಬೇಕಾದರೂ ಹತ್ತಬಹುದು. ಆಮೇಲೆ ಬರಿ ಬಂಡೆಯಲ್ಲಿ ಕಡಿದ ಸಣ್ಣ ಮೆಟ್ಟಿಲು, ಗಾಳಿ ಜಾಸ್ತಿ. ಎತ್ತರ ಕಂಡರೆ ತಲೆ ಸುತ್ತುವವರು ಅಲ್ಲೇ ಕುಳಿತುಕೊಳ್ಳಿ, ಅಲ್ಲಿಂದ ಕಾಣುವ ಬಯಲೇನೂ ಕಡಿಮೆ ಇಲ್ಲ. ಬೆಳಕು ಹರಿಯುತ್ತಲೇ ಹತ್ತಲು ಶುರುಮಾಡಿ, ಹನ್ನೊಂದರೊಳಗೆ ಇಳಿಯಿರಿ, ಬಂಡೆ ಕಾದರೆ ಕಷ್ಟ. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು. ಮಳೆ ಬಿದ್ದ ದಿನ ಹತ್ತಲೇಬೇಡಿ, ಬಂಡೆ ಜಾರುತ್ತದೆ.

ದೇವರಾಯನದುರ್ಗವನ್ನು ಬೇರೆ ಊರಿಗೆ ಹೋಗುವ ದಾರಿಯಲ್ಲಿ ಸೇರಿಸಬೇಡಿ. ಅರ್ಧ ದಿನ ಅದಕ್ಕೇ ಇಡಿ. ಬೆಂಗಳೂರಿನಿಂದ ಬರುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಮೊದಲು ಬೆಟ್ಟದ ಬುಡದಲ್ಲಿರುವ ನೀರಿನ ಬುಗ್ಗೆ ನಾಮದ ಚಿಲುಮೆಗೆ ಹೋಗಿ. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿ ಉಳಿದು ಹಕ್ಕಿಗಳ ಸರ್ವೆ ಮಾಡಿದ್ದರು. ಆಮೇಲೆ ದುರ್ಗದ ಬೆಟ್ಟ. ಮೇಲೆ ಯೋಗಾನರಸಿಂಹನ ದೇವಸ್ಥಾನ, ಕೆಳಗೆ ಭೋಗಾನರಸಿಂಹನದು. ಬ್ಯಾಗಿಗೆ ಜಿಪ್ ಹಾಕಿಕೊಂಡು ಹತ್ತಿ, ಕೋತಿಗಳು ಪ್ಲಾಸ್ಟಿಕ್ ಕವರ್ ಕಂಡರೆ ಬಿಡುವುದಿಲ್ಲ.