ಕಲ್ಲು ಕ್ವಾರಿ ತೆರೆಯುವ ಮೊದಲೇ ಅದನ್ನು ಮುಚ್ಚುವ ಯೋಜನೆ ಬರೆಯುವುದು ಹೇಗೆ

ಮಣ್ಣು ತೆಗೆದ ಗುಂಡಿಯನ್ನು ಮಣ್ಣಿನಿಂದಲೇ ಮುಚ್ಚಬಹುದು. ಆದರೆ ಚಿಕ್ಕಬಳ್ಳಾಪುರ, ಕೋಲಾರ, ರಾಮನಗರದ ಕಡೆ ಜಲ್ಲಿಗೂ ಎಂ-ಸ್ಯಾಂಡಿಗೂ ಒಡೆದ ಬಂಡೆ ಲಾರಿ ಹತ್ತಿ ಹೋದಮೇಲೆ ಗುಂಡಿಗೆ ಮರಳಿ ಹಾಕಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಉಳಿಯಲಿರುವ ಗುಂಡಿಯ ಆಕಾರ ಹೇಗಿರಬೇಕು, ಅದು ಊರಿಗೆ ಯಾವ ಉಪಯೋಗಕ್ಕೆ ಬರಬೇಕು ಎಂಬುದನ್ನು ಮೊದಲ ಕುಳಿ ಕೊರೆಯುವ ಮುನ್ನವೇ ತೀರ್ಮಾನಿಸಬೇಕು.

ಕಾನೂನಿನ ಚೌಕಟ್ಟು ಸ್ಪಷ್ಟವಾಗಿದೆ. ವಿಸ್ತೀರ್ಣ 5 ಹೆಕ್ಟೇರಿಗಿಂತ ಕಡಿಮೆ ಇದ್ದರೂ ಕಟ್ಟಡ ಕಲ್ಲು, ಮರಳಿನಂಥ ಉಪಖನಿಜದ ಗುತ್ತಿಗೆಗೆ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 27ರಂದು ಹೇಳಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಅದನ್ನು ಮೇವಿಗೂ ಗಿಡಮರಗಳಿಗೂ ಯೋಗ್ಯವಾಗಿಸಬೇಕೆಂಬ ಷರತ್ತು ಅದೇ ನ್ಯಾಯಾಲಯದ 2020ರ ಜನವರಿ 8ರ ಆದೇಶದಿಂದ ಬಂದಿದೆ.

ಮೊದಲು ನಕ್ಷೆಯ ಮೇಲೆ ಲೆಕ್ಕ ಹಾಕಿ. ಉದಾಹರಣೆಗೆ 200 ಮೀಟರ್ ಉದ್ದ, 100 ಮೀಟರ್ ಅಗಲದ 2 ಹೆಕ್ಟೇರ್ ಜಾಗವನ್ನು ತೆಗೆದುಕೊಳ್ಳೋಣ. ಸುತ್ತಲೂ 7.5 ಮೀಟರ್ ಗಡಿಪಟ್ಟಿ ಬಿಟ್ಟರೆ 185 ಮೀಟರ್ ಉದ್ದ, 85 ಮೀಟರ್ ಅಗಲ ಉಳಿಯುತ್ತದೆ. 6 ಮೀಟರ್ ಎತ್ತರ, 6 ಮೀಟರ್ ಅಗಲದ ಮೆಟ್ಟಿಲುಗಳಲ್ಲಿ 30 ಮೀಟರ್ ಆಳಕ್ಕೆ ಇಳಿದರೆ ತಳದಲ್ಲಿ ಸಿಗುವುದು 137 ಮೀಟರ್ ಉದ್ದ, 37 ಮೀಟರ್ ಅಗಲ ಮಾತ್ರ. ಲಾರಿ ಇಳಿಯುವ ದಾರಿಗೆ ಜಾಗ ಬಿಟ್ಟರೆ ಇನ್ನೂ ಕಡಿಮೆ. ಈ ಲೆಕ್ಕವನ್ನು ಮೊದಲೇ ಮಾಡದವರು ಮುಂದೆ ಕಲ್ಲು ಸಾಲದೆಂದು ಮೆಟ್ಟಿಲುಗಳನ್ನೇ ಕಡಿದು ಗೋಡೆಯಂತೆ ನೆಟ್ಟಗೆ ನಿಲ್ಲಿಸುತ್ತಾರೆ. ಕಾರ್ಮಿಕರ ಮೇಲೆ ಬಂಡೆ ಉರುಳುವ ಅಪಾಯ ಹುಟ್ಟುವುದೂ, ಮುಂದೆ ಗಿಡ ನೆಡಲು ನೆಲೆಯಿಲ್ಲದಂತಾಗುವುದೂ ಆಗಲೇ.

ಬಂಡೆಯ ಮೇಲಿನ ಮಣ್ಣು ನಮ್ಮ ಕಡೆ ಒಂದೆರಡು ಅಡಿಯೂ ಇರುವುದಿಲ್ಲ, ಇರುವಷ್ಟೇ ಚಿನ್ನ. ಅದನ್ನು ಕೆಳಗಿನ ಗರಸಿನೊಂದಿಗೆ ಬೆರೆಸದೆ ಬೇರೆಯಾಗಿ ತೆಗೆದು, ಆಳೆತ್ತರ ಮೀರದಂತೆ ರಾಶಿ ಹಾಕಿ, ಮುಂಗಾರಿನ ಮೊದಲ ಹದಕ್ಕೆ ಹುರುಳಿಯನ್ನೋ ಸೆಣಬನ್ನೋ ಚೆಲ್ಲಿ. ಬೇರು ಹಿಡಿದ ರಾಶಿ ಮಳೆಗೆ ಕೊಚ್ಚಿಹೋಗುವುದಿಲ್ಲ, ಮಣ್ಣಿನ ಜೀವವೂ ಉಳಿಯುತ್ತದೆ. ಲಾರಿ ಓಡಾಡುವ ದಾರಿಯ ಪಕ್ಕದಲ್ಲಿ ಈ ರಾಶಿಯನ್ನು ಎಂದಿಗೂ ಇಡಬಾರದು.

ನೀರಿನ ವಿಚಾರಕ್ಕೆ ಹೆಚ್ಚು ಗಮನ ಕೊಡಿ. ಮೇಲ್ಭಾಗದಲ್ಲಿ 2 ಹೆಕ್ಟೇರ್ ಬೋಳು ಬಂಡೆಯಿದ್ದು ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ, ಸೆಕೆಂಡಿಗೆ ಸುಮಾರು 280 ಲೀಟರ್ ನೀರು ಕ್ವಾರಿಯತ್ತ ನುಗ್ಗುತ್ತದೆ. ಅದನ್ನು ಸುತ್ತುಗಾಲುವೆಯಿಂದ ತಿರುಗಿಸಿ, ಕಲ್ಲಿನ ಹಿಟ್ಟು ತಂಗಲು ಎರಡು ಗುಂಡಿಗಳನ್ನು ದಾಟಿಸಿ, ಆಮೇಲಷ್ಟೇ ಹಳ್ಳಕ್ಕೆ ಬಿಡಬೇಕು. ಗುಂಡಿಯ ಹೂಳನ್ನು ಪ್ರತಿ ದೊಡ್ಡ ಮಳೆಯ ನಂತರ ತೆಗೆಯದಿದ್ದರೆ ಆ ಬೂದುಬಣ್ಣದ ಕೆಸರು ರಾಜಕಾಲುವೆಯಲ್ಲಿ ಹರಿದು ಕೆರೆಯ ತೂಬಿನವರೆಗೂ ತಲುಪುತ್ತದೆ.

ದೂಳಿನ ವಿಷಯದಲ್ಲಿ ರಿಯಾಯಿತಿ ಬೇಡ. ಕುಳಿ ಕೊರೆಯುವಾಗ ನೀರು ಹಾಯಿಸಿ. ಕ್ರಷರಿನ ಬೆಲ್ಟುಗಳನ್ನೂ ಲಾರಿಗಳನ್ನೂ ಮುಚ್ಚಿ. ಗಾಳಿಯಲ್ಲಿನ ಪಿಎಂ10, ಅಂದರೆ 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳ 24 ಗಂಟೆಗಳ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದೆಂಬುದು ರಾಷ್ಟ್ರೀಯ ಮಾನದಂಡ. ಈ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ.

ಸಿಡಿತದ ಕಂಪನಕ್ಕೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಮಿತಿ ಗೊತ್ತುಮಾಡಿದೆ: ಆವರ್ತನ 8 ಹರ್ಟ್ಜ್‌ಗಿಂತ (ಸೆಕೆಂಡಿಗೆ 8 ಸಲ ನೆಲ ಅದುರುವುದಕ್ಕಿಂತ) ಕಡಿಮೆಯಿದ್ದಾಗ ಊರಿನ ಮನೆಗಳ ಬಳಿ ನೆಲ ಅದುರುವ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರುವಂತಿಲ್ಲ. ಕೆಲಸ ಆರಂಭಿಸುವ ಮುನ್ನ ಹತ್ತಿರದ ಪ್ರತಿ ಮನೆಗೂ ಹೋಗಿ, ಆಗಲೇ ಇರುವ ಬಿರುಕುಗಳ ಫೋಟೊ ತೆಗೆದು, ದಿನಾಂಕ ಬರೆದು, ಮನೆಯವರ ರುಜು ಪಡೆದು ಪ್ರತಿಯೊಂದನ್ನು ಅವರಿಗೂ ಕೊಡಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿಟ್ಟರೆ, ಬಿರುಕು ಅಗಲವಾದಾಗ ಗಾಜು ಒಡೆಯುತ್ತದೆ, ವಾದಕ್ಕೆ ಎಡೆಯಿರುವುದಿಲ್ಲ.

ಪುನಶ್ಚೇತನವನ್ನು ಗುತ್ತಿಗೆ ಮುಗಿಯುವ ತನಕ ಕಾಯಿಸಬೇಡಿ. ಮೇಲಿನ ಮೆಟ್ಟಿಲು ಗಡಿ ಮುಟ್ಟಿದ ವರ್ಷವೇ ಅದರ ಅಂಚಿಗೆ ಕಲ್ಲಿನ ಬದು ಕಟ್ಟಿ, ಒಳಗೆ ಗರಸು, ಅದರ ಮೇಲೆ ಕಾದಿಟ್ಟ ಮಣ್ಣು ಹರಡಿ ಹೊಂಗೆ, ಸೀತಾಫಲ, ಬಂದರಿಕೆ, ಅತ್ತಿ ನೆಡಿ. ಇಳಿಜಾರಿಗೆ ಲಾವಂಚ ಒಳ್ಳೆಯದು. ಬೇಗ ಹಸಿರು ಕಾಣಲೆಂದು ನೀಲಗಿರಿ ನೆಡುವುದನ್ನು ನಾನು ಒಪ್ಪುವುದಿಲ್ಲ. ಸಸಿಗಳಿಗೆ ಮೂರು ಬೇಸಿಗೆ ನೀರು ಹಾಕುವ ಖರ್ಚನ್ನು ಯೋಜನೆಯಲ್ಲೇ ತೋರಿಸಿ, ಮಾರಿದ ಪ್ರತಿ ಟನ್ನಿನಿಂದ ಇಷ್ಟೆಂದು ಬೇರೆ ಖಾತೆಯಲ್ಲಿ ಕೂಡಿಡಿ.

ಕೊನೆಗೆ ಉಳಿಯುವ ಹೊಂಡದಲ್ಲಿ ನೀರು ನಿಲ್ಲುತ್ತದೆ. ಮೇಲೆ ಹೇಳಿದ ಅಳತೆಯ ಬಾಯಿಗೆ ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಬೀಳುವ ನೀರೇ ಸುಮಾರು 1 ಕೋಟಿ 10 ಲಕ್ಷ ಲೀಟರ್. ಬರಗಾಲದ ಊರಿಗೆ ಇದು ಸಣ್ಣದಲ್ಲ. ಆದರೆ ಬೇಸಿಗೆ ರಜೆಯಲ್ಲಿ ಈಜಲು ಹೋದ ಮಕ್ಕಳು ಮೇಲೆ ಹತ್ತಲಾಗದೆ ಮುಳುಗುವುದೂ ಇಂಥ ಹೊಂಡಗಳಲ್ಲೇ. ಗುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಲಾರಿಯ ಇಳಿಜಾರು ದಾರಿಯನ್ನೂ ಸಿಡಿಸಿ ಕಲ್ಲು ಮಾರುವ ಆಸೆ ಹುಟ್ಟುತ್ತದೆ. ಆ ದಾರಿಯನ್ನು ಮುಟ್ಟುವಂತಿಲ್ಲವೆಂದು ನಕ್ಷೆಯಲ್ಲೇ ಗುರುತಿಸಿ, ಉಳಿದ ಮೂರು ಬದಿಗೆ ಬೇಲಿ ಹಾಕಿ, ನಕ್ಷೆಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.