ಸಂಜೆಯ ಟೈಮ್‌ಟೇಬಲ್ ಮೊದಲು, ಕಾಲೇಜಿನದ್ದು ಆಮೇಲೆ

ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿದ್ದಾಗ ಮತ್ತೆ ಕಾಲೇಜಿಗೆ ಅರ್ಜಿ ಹಾಕಿದೆ. ಇನ್ನೆರಡು ವರ್ಷ ತಡೆ, ಓದಿನ ಒತ್ತಡಕ್ಕೆ ಮತ್ತೆ ಜಾರುತ್ತೀಯ ಎಂದವರೇ ಹೆಚ್ಚು. ಈಗ ಐದು ಸೆಮಿಸ್ಟರ್ ಮುಗಿದಿವೆ. ಒಂದು ಹನಿ ಮುಟ್ಟಿಲ್ಲ, ಕೊನೆಯ ನಾಲ್ಕು ಸೆಮಿಸ್ಟರ್‌ಗಳಲ್ಲಿ ಒಂದೂ ಬ್ಯಾಕ್‌ಲಾಗ್ ಇಲ್ಲ. ಮೀಟಿಂಗ್ ಎಂದರೆ ಕುಡಿತ ಬಿಟ್ಟವರು ಸೇರಿ ಮಾತಾಡುವ ಸಭೆ, ಸ್ಪಾನ್ಸರ್ ಎಂದರೆ ನಮಗಿಂತ ಮೊದಲೇ ಬಿಟ್ಟು ನಮ್ಮ ಜೊತೆ ನಿಲ್ಲುವವರು. ಇಷ್ಟು ಹೇಳಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲ ಸೆಮಿಸ್ಟರ್ ಕೆಟ್ಟಿದ್ದು ಐದು ವಿಷಯ ತೆಗೆದುಕೊಂಡಿದ್ದಕ್ಕೆ. ಪಾಠ ಕಷ್ಟವಾಗಿರಲಿಲ್ಲ. ಐದೂ ಹಿಡಿಸಬೇಕೆಂದರೆ ವಾರದಲ್ಲಿ ಎರಡು ದಿನ ಸಂಜೆ ಏಳರವರೆಗೆ ಕ್ಲಾಸು. ನಾಲ್ಕಿದ್ದ ಮೀಟಿಂಗ್ ಒಂದಕ್ಕೆ ಇಳಿಯಿತು, ಊಟ ರಾತ್ರಿ ಹತ್ತಕ್ಕೆ ಹೋಯಿತು, ನಿದ್ದೆ ಐದು ಗಂಟೆಗೆ ನಿಂತಿತು. ಹಸಿವು, ಸಿಟ್ಟು, ಒಂಟಿತನ, ದಣಿವು ನಾಲ್ಕೂ ಒಂದೇ ವಾರ ಬಂದು ಕೂತರೆ ಮತ್ತೆ ಕುಡಿತದತ್ತ ಜಾರುವುದು ಸುಲಭವೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಎಂಟನೇ ವಾರಕ್ಕೆ ಮೂರು ವಿಷಯ ಬಿಟ್ಟೆ. ಶುಲ್ಕ ವಾಪಸ್ ಪಡೆಯುವ ಗಡುವು ನಾಲ್ಕನೇ ವಾರಕ್ಕೇ ಮುಗಿದಿತ್ತು. ಕಟ್ಟಿದ ಹಣದಲ್ಲಿ ಐದರಲ್ಲಿ ಮೂರು ಪಾಲು ಹೋಯಿತು. ಪ್ರವೇಶದ ದಿನವೇ ಕೇಳಿ ಬರೆದಿಟ್ಟುಕೊಳ್ಳಬೇಕಾದ ತಾರೀಕು ಎರಡು: ಪೂರ್ತಿ ಶುಲ್ಕ ವಾಪಸ್ ಬರುವ ಕೊನೆಯ ದಿನ, ಅಂಕಪಟ್ಟಿಯಲ್ಲಿ ಗುರುತು ಉಳಿಯದಂತೆ ವಿಷಯ ಬಿಡಬಹುದಾದ ಕೊನೆಯ ದಿನ. ಇವೆರಡೂ ಒಂದೇ ದಿನ ಇರಲೇಬೇಕೆಂದಿಲ್ಲ.

ಎರಡನೇ ಸಲ ಕ್ರಮ ತಿರುಗಿಸಿದೆ. ಖಾಲಿ ಹಾಳೆಯಲ್ಲಿ ವಾರದ ಏಳು ದಿನ ಗೀಟು ಹಾಕಿ, ಮೀಟಿಂಗ್, ಕೌನ್ಸೆಲಿಂಗ್, ಮೂರು ಹೊತ್ತಿನ ಊಟ, ಏಳೂವರೆ ಗಂಟೆ ನಿದ್ದೆ ಇಷ್ಟನ್ನು ಪೆನ್ನಿನಲ್ಲಿ ತುಂಬಿದೆ. ಉಳಿದ ಜಾಗದಲ್ಲಿ ಪೆನ್ಸಿಲ್‌ನಿಂದ ಕ್ಲಾಸು. ಹಿಡಿಸಿದ್ದು ಎರಡೇ ವಿಷಯ, ಎರಡನ್ನೇ ತೆಗೆದುಕೊಂಡೆ. ಡಿಗ್ರಿ ತಡವಾಗುತ್ತದೆ ಎಂದು ಮೂಗು ಮುರಿದರು. ಐದು ತೆಗೆದು ಮೂರು ಕಳೆದುಕೊಂಡವನಿಗೂ ಕೊನೆಗೆ ಸಿಗುವುದು ಎರಡೇ, ಖರ್ಚು ಮಾತ್ರ ಐದರದ್ದು.

ಕ್ಲಾಸಿಗಿಂತ ಅಪಾಯದ್ದು ಎರಡು ಕ್ಲಾಸಿನ ನಡುವಿನ ಬಿಡುವು. ಮುಕ್ಕಾಲು ಗಂಟೆಯಾದರೆ ಏನೂ ಆಗುವುದಿಲ್ಲ. ಒಂದೂವರೆ ಗಂಟೆ ದಾಟಿದರೆ ಕಾಲು ಹಳೆಯ ದಾರಿ ಹುಡುಕುತ್ತದೆ. ಅದಕ್ಕೇ ಬೆನ್ನುಬೆನ್ನಿಗೆ ಬರುವ ಕ್ಲಾಸುಗಳನ್ನೇ ಆರಿಸಿಕೊಳ್ಳಿ. ತಪ್ಪಿಸಲಾಗದ ದೊಡ್ಡ ಬಿಡುವಿಗೆ ಲೈಬ್ರರಿಯಲ್ಲಿ ಒಂದೇ ಕುರ್ಚಿ ಗೊತ್ತುಮಾಡಿಕೊಳ್ಳಿ. ಬಾಗಿಲಿಗೆ ಬೆನ್ನು ಹಾಕಿ ಕೂರುವಂಥದ್ದು ಇದ್ದರೆ ಲೇಸು. ಕುಡಿಯುವ ಚಪಲ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ, ಆ ಹೊತ್ತು ಕೈಗೆ ಕೆಲಸ ಇರಬೇಕು ಅಷ್ಟೆ. ಸಹಪಾಠಿಗಳು ಸಂಜೆ ಕರೆದಾಗ ಹೇಳಲು ಐದು ಪದದ ಒಂದು ಮಾತು ನನ್ನ ಹತ್ತಿರ ಇದೆ. ಎರಡನೇ ಸಲ ಯಾರೂ ಒತ್ತಾಯ ಮಾಡಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಬಾಯಿಗೆ ಒಗ್ಗುವುದನ್ನು ಮಾಡಿಕೊಂಡು, ಸ್ಪಾನ್ಸರ್ ಎದುರು ಹತ್ತು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಬೇಕು.

ನೆನಪಿನ ಮಾತು. ಬಿಟ್ಟ ಮೇಲೂ ಹಲವು ತಿಂಗಳು ಗಮನ ಮತ್ತು ನೆನಪು ಮೊದಲಿನಂತೆ ಕೂಡಿಬರುವುದಿಲ್ಲ. ಪುಟ ಓದಿ ತಿರುವಿದರೆ ಹಿಂದಿನದು ಇಲ್ಲ. ಎರಡು ಗಂಟೆ ಒಟ್ಟಿಗೆ ಕೂರುವುದನ್ನು ಬಿಟ್ಟೆ. ಇಪ್ಪತ್ತು ನಿಮಿಷ ಓದು, ಐದು ನಿಮಿಷ ನಡಿಗೆ, ದಿನಕ್ಕೆ ಆರು ಸುತ್ತು. ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇಪ್ಪತ್ತು ನಿಮಿಷದ ಓದು ಮೂವತ್ತೈದಕ್ಕೆ ಏರಿತು. ಕಾರ್ಡಿನ ಪದ್ಧತಿ ನಿಜವಾಗಿ ಕೈ ಹಿಡಿಯಿತು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ, ಚಪ್ಪಲಿ ಡಬ್ಬಿಯಲ್ಲಿ ರಟ್ಟು ಇಟ್ಟು ಐದು ಖಾನೆ. ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಖಾನೆಗಳ ಸರದಿ 1, 2, 4, 8, 16 ದಿನಕ್ಕೊಮ್ಮೆ. ತಪ್ಪಿದ್ದನ್ನು ಪೂರ್ತಿ ಮೊದಲಿಗೆ ತರುವುದು ಶುರುವಿನಲ್ಲಿ ಎದೆಗುಂದಿಸಿತು, ಮೊದಲ ಖಾನೆಯೇ ಉಬ್ಬಿ ಹೋಯಿತು. ಒಂದೇ ಖಾನೆ ಹಿಂದೆ ತರುವಂತೆ ಬದಲಿಸಿದ ಮೇಲೆ ಸರಾಗವಾಯಿತು. ಒಂದು ವಿಷಯಕ್ಕೆ ಸುಮಾರು ಮುನ್ನೂರೈವತ್ತು ಕಾರ್ಡು ಬೇಕಾದವು. ಫೋನಿನ ಆ್ಯಪ್‌ನಲ್ಲೂ ಒಂದು ತಿಂಗಳು ಮಾಡಿ ನೋಡಿದೆ. ಕಾರ್ಡು ನೋಡಲು ತೆಗೆದ ಫೋನು ಹಳೆಯ ಸಂಪರ್ಕಗಳ ಸಂದೇಶಕ್ಕೂ ಬಾಗಿಲು. ಕಾಗದಕ್ಕೆ ಮರಳಿದೆ.

ಕಾಫಿಯದ್ದೂ ಒಂದು ಪ್ರಯೋಗ ಆಯಿತು. ಬಿಟ್ಟವರಲ್ಲಿ ಬಹಳ ಮಂದಿ ಕಾಫಿಗೆ ಜೋತುಬೀಳುತ್ತೇವೆ. ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿ ಉಳಿದಿರುತ್ತದೆ. ಮಧ್ಯಾಹ್ನ ಒಂದರ ನಂತರ ನಿಲ್ಲಿಸಿದ ಮೂರು ವಾರದಲ್ಲಿ ನಿದ್ದೆ ಮುಕ್ಕಾಲು ಗಂಟೆ ಬೆಳೆಯಿತು.

ಕುಡಿದರೆ ಮೈಗೆ ಆಗದಂತೆ ಮಾಡಿ ಕುಡಿತ ತಡೆಯುವ ಡೈಸಲ್ಫಿರಾಮ್ ಮಾತ್ರೆಯಲ್ಲಿರುವವರು ವಿಜ್ಞಾನದ ವಿಷಯ ತೆಗೆದುಕೊಂಡರೆ ಇದನ್ನು ಗಮನವಿಟ್ಟು ಓದಿ. ಲ್ಯಾಬಿನಲ್ಲಿ ಎಥನಾಲ್, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲೇ, ಇರುತ್ತದೆ, ಬಾಗಿಲಲ್ಲಿ ಸ್ಯಾನಿಟೈಸರ್ ಇರುತ್ತದೆ, ಚೀಲದಲ್ಲಿ ಕೆಮ್ಮಿನ ಸಿರಪ್ ಇರಬಹುದು. ಆಲ್ಕೋಹಾಲಿನ ಆವಿಯಿಂದಲೂ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿ ಬರುವಂತಾಗಬಹುದು. ಮಾತ್ರೆ ನಿಲ್ಲಿಸಿದರೂ ಪರಿಣಾಮ ಎರಡು ವಾರದವರೆಗೆ ಇರಬಲ್ಲದು, ಆದ್ದರಿಂದ ಲ್ಯಾಬಿನ ದಿನ ಬಿಟ್ಟರೆ ಸಾಕೆಂಬ ಲೆಕ್ಕ ತಪ್ಪು. ನಾನು ಲ್ಯಾಬ್ ಉಸ್ತುವಾರಿಯವರಿಗೆ ಹೇಳಿದ್ದು ಇಷ್ಟೇ: “ಸರ್, ನಾನು ತಗೊಳ್ತಿರೋ ಔಷಧಕ್ಕೆ ಆಲ್ಕೋಹಾಲ್ ಆವಿ ಆಗಲ್ಲ, ಫ್ಯೂಮ್ ಹುಡ್ ಹತ್ತಿರದ ಜಾಗ ಕೊಡ್ತೀರಾ?” ಆವಿಯನ್ನು ಹೊರಗೆ ಎಳೆಯುವ ಆ ಗೂಡಿನ ಹತ್ತಿರ ಅವರು ಜಾಗ ಕೊಟ್ಟರು, ಕಾಯಿಲೆಯ ಹೆಸರು ಕೇಳಲಿಲ್ಲ. ಹಾಜರಿಗೂ ಹಾಗೆಯೇ. ವೈದ್ಯರ ಪತ್ರದಲ್ಲಿ “ಚಿಕಿತ್ಸೆಯಲ್ಲಿದ್ದಾರೆ, ಇಂಥ ವಾರ ಇಂಥ ಹೊತ್ತು ಬರಬೇಕು” ಎಂದಿದ್ದರೆ ಸಾಕಾಯಿತು. ಅದನ್ನು ಸೆಮಿಸ್ಟರ್ ಶುರುವಿನಲ್ಲೇ ಕೊಡಬೇಕು. ಹಾಜರಿ ಕಡಿಮೆಯಾದ ಮೇಲೆ ಕೊಟ್ಟರೆ ನೆಪದಂತೆ ಕಾಣುತ್ತದೆ.

ವಾಸದ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಹಾಸ್ಟೆಲ್ ಅಗ್ಗವೆಂದು ಸೇರಿ ಆರು ವಾರ ಇದ್ದೆ, ಶುಕ್ರವಾರ ರಾತ್ರಿ ಕಾರಿಡಾರಿನ ವಾಸನೆಗೇ ನಿದ್ದೆ ಹೋಗುತ್ತಿತ್ತು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯ 1988ರಲ್ಲೇ ಚಟ ಬಿಟ್ಟ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಸತಿ ಮಾಡಿತು. ಅಂಥದ್ದು ಸಿಗದಿದ್ದರೆ ಮೀಟಿಂಗ್ ನಡೆಯುವ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರ ರೂಮು ಹಿಡಿಯಿರಿ, ಕಾಲೇಜಿಗೆ ದೂರವಾದರೂ ಸರಿ. ಬಾಡಿಗೆ ನಾಲ್ಕನೇ ಒಂದು ಪಾಲು ಹೆಚ್ಚಾಯಿತು. ಶುಲ್ಕ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ, ಸಂಬಳದ ದಿನವೇ ಅಕ್ಕನ ಖಾತೆಗೆ, ಅಲ್ಲಿಂದ ಕಾಲೇಜಿಗೆ. ಒಟ್ಟಾಗಿ ಕೈಯಲ್ಲಿರುವ ಹಣ ನಮ್ಮಂಥವರಿಗೆ ಹಳೆಯ ಗೆಳೆಯ.

ಪರೀಕ್ಷೆಗಿಂತ ಪರೀಕ್ಷೆ ಮುಗಿದ ಸಂಜೆಗೆ ಹೆಚ್ಚು ತಯಾರಿ ಬೇಕು. ಆರು ವಾರದ ಬಿಗಿ ಒಮ್ಮೆಗೇ ಸಡಿಲವಾಗುತ್ತದೆ. ಫಲಿತಾಂಶದ ದಿನವೂ ಅಷ್ಟೇ, ಫೇಲಾದ ದಿನಕ್ಕಿಂತ ಒಳ್ಳೆಯ ಅಂಕ ಬಂದ ದಿನ ನನಗೆ ಹೆಚ್ಚು ಕಷ್ಟವಾಗಿತ್ತು. ಈ ಎರಡು ದಿನಗಳನ್ನು ತಿಂಗಳ ಮೊದಲೇ ಪೆನ್ನಿನಲ್ಲಿ ತುಂಬುತ್ತೇನೆ: ಕೊನೆಯ ಪತ್ರಿಕೆ ಮುಗಿದ ಅರ್ಧ ಗಂಟೆಯಲ್ಲಿ ಸ್ಪಾನ್ಸರ್ ಗೇಟಿನ ಬಳಿ ಇರಬೇಕು, ಅಲ್ಲಿಂದ ಊಟ, ಊಟದಿಂದ ಮೀಟಿಂಗ್, ರಾತ್ರಿ ಅಕ್ಕನ ಮನೆ. ಫಲಿತಾಂಶವನ್ನು ಒಬ್ಬನೇ ಫೋನಿನಲ್ಲಿ ನೋಡುವುದಿಲ್ಲ.

ಈ ಸೆಮಿಸ್ಟರ್‌ನಿಂದ ವಿಷಯ ಮೂರಾಗಿದೆ. ನಾಲ್ಕನೆಯದನ್ನು ಲ್ಯಾಬ್ ಇಲ್ಲದ ಸೆಮಿಸ್ಟರ್‌ಗೆ ಇಟ್ಟಿದ್ದೇನೆ, ಹಾಳೆಯಲ್ಲಿ ಪೆನ್ಸಿಲ್‌ನಿಂದ.