ಯುಗಾದಿಗೆ ಸೇವಂತಿಗೆ: ಬಲ್ಬು ಕಟ್ಟಿ ರಾತ್ರಿ ಒಡೆದ ನನ್ನ ಅನುಭವ

ಶಿರಾ ಸೀಮೆಯ ಬಯಲು ಹೊಲದಲ್ಲಿ, ಪಾಲಿಹೌಸ್ ಇಲ್ಲದೆ, ಅಕ್ಟೋಬರ್ ಕೊನೆಗೆ ನೆಟ್ಟು ರಾತ್ರಿ ಬಲ್ಬಿನ ಬೆಳಕು ಕೊಟ್ಟ ಸೇವಂತಿಗೆಯನ್ನು ಈ ಸಲ ಯುಗಾದಿ ಮಾರುಕಟ್ಟೆಗೆ ಇಳಿಸಿದ್ದೇನೆ. ಹೂವು ಕೊಯ್ಯುವಾಗ ನೋಡಲು ಬಂದವರಲ್ಲಿ ಬೇಡ ಅಂದಿದ್ದವರೇ ಹೆಚ್ಚು. ಪಕ್ಕದ ಹೊಲದ ಹಿರಿಯರಂತೂ ನೆಡುವ ದಿನವೇ ಹೇಳಿದ್ದರು: "ಚಳಿ ಬಿದ್ಮೇಲೆ ನೆಟ್ರೆ ಗೇಣುದ್ದಕ್ಕೇ ಮೊಗ್ಗು ಕಚ್ಚುತ್ತೆ ಕಣಪ್ಪ. ನಿನ್ನ ಬಲ್ಬು ಚಳಿ ಬಿಡಿಸುತ್ತಾ?"

ಗೇಣುದ್ದಕ್ಕೇ ಮೊಗ್ಗು ಕಚ್ಚೋದು ನಿಜ. ಆದರೆ ಅದನ್ನು ಮಾಡಿಸುವುದು ಚಳಿಗಿಂತ ಹೆಚ್ಚಾಗಿ ಉದ್ದ ರಾತ್ರಿ. ಭೂಮಿ 23.4 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುವುದರಿಂದ ನಮ್ಮಲ್ಲಿ ಜೂನ್‌ನಲ್ಲಿ ಹಗಲು ಹತ್ತಿರ ಹತ್ತಿರ 13 ಗಂಟೆ, ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ಸೂರ್ಯ ನಮಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಚಳಿಯೂ ಆಗಲೇ. ಹಾಗಾಗಿ ದೂರದ ಲೆಕ್ಕ ಇಲ್ಲಿ ನಡೆಯಲ್ಲ, ಎಲ್ಲಾ ಆ ವಾಲಿನ ಲೆಕ್ಕವೇ. ಗಿಡ ರಾತ್ರಿಯನ್ನು ಅಳೆಯುತ್ತದೆ. ಹಗಲಿನ ಉದ್ದ ನೋಡಿ ಗಿಡ ಹೂ ಬಿಡುತ್ತದೆ ಎಂದು ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಹೊಗೆಸೊಪ್ಪಿನ ಗಿಡ ಇಟ್ಟುಕೊಂಡು 1920ರಲ್ಲೇ ತೋರಿಸಿದ್ದಾರೆ; ಅಳೆಯುವುದು ರಾತ್ರಿಯನ್ನು ಅನ್ನೋದು ಆಮೇಲೆ ಗೊತ್ತಾಯಿತು.

ನಾನು ಮೊದಲು ಹಿಡಿದದ್ದು ಹಾಲೆಂಡ್‌ನವರ ವೇಳಾಪಟ್ಟಿ. ಅದು ಇಲ್ಲಿ ಕೂರಲಿಲ್ಲ. ಅವರು 52 ಡಿಗ್ರಿ ಉತ್ತರದಲ್ಲಿದ್ದಾರೆ; ಜೂನ್ ಹಗಲು ಹದಿನಾರೂಮುಕ್ಕಾಲು ಗಂಟೆ, ಡಿಸೆಂಬರ್‌ನಲ್ಲಿ ಎಂಟು ಗಂಟೆಯೂ ಇಲ್ಲ. ಬೇಸಿಗೆಯಲ್ಲಿ ಅವರು ಹೂ ಬರಿಸಲು ಕಪ್ಪು ಪರದೆ ಎಳೆಯಬೇಕು. ನಮ್ಮಲ್ಲಿ ಹಗಲು ವರ್ಷಪೂರ್ತಿ 13 ಗಂಟೆ ದಾಟುವುದೇ ಇಲ್ಲ, ಚಳಿಗಾಲದಲ್ಲಂತೂ ಗಿಡಕ್ಕೆ ಮೊಗ್ಗು ಬಿಡಲು ಆತುರ. ಆದ್ದರಿಂದ ನಮ್ಮ ಕೆಲಸ ತಡೆಯುವುದು. ನಡುರಾತ್ರಿ ಬೆಳಕು ಕೊಟ್ಟು ಒಂದು ಉದ್ದ ರಾತ್ರಿಯನ್ನು ಎರಡು ಗಿಡ್ಡ ರಾತ್ರಿ ಮಾಡಿದರೆ ಗಿಡ ಜೂನ್ ಅಂದುಕೊಂಡು ಎತ್ತರಕ್ಕೆ ಬೆಳೆಯುತ್ತದೆ.

ಹೇಳಲು ಸುಲಭ, ದುಡ್ಡು ಮಾತ್ರ ನೀರಿನ ಹಾಗೆ ಹೋಯಿತು. ಮೊದಲ ವರ್ಷ ಅರ್ಧ ಎಕರೆಗೆ ಇನ್ನೂರರ ಹತ್ತಿರ ಬಲ್ಬು, ಸರ್ವಿಸ್ ವೈರು, ಹೋಲ್ಡರು, ಸರ್ವೆ ಕಂಬ ಎಲ್ಲಾ ಸೇರಿ ಐವತ್ತು ಸಾವಿರದ ಮೇಲಾಯಿತು. ಅಂಗಡಿಯಲ್ಲಿ ಕೊಟ್ಟದ್ದು ನೀಲಿ ಛಾಯೆಯ ಬಿಳಿ ಎಲ್‌ಇಡಿ. ನಮ್ಮ ಕಣ್ಣಿಗೆ ಹೊಲ ಹಗಲಾಗಿತ್ತು, ಆದರೆ ಬಲ್ಬು ಬಲ್ಬಿನ ನಡುವೆ ಗಿಡ ಮೊಗ್ಗು ಹಾಕಿಬಿಟ್ಟಿತು. ಗಿಡಕ್ಕೆ ಬೇಕಾದದ್ದು ಕೆಂಪು ಪಾಲು. ಬೆಚ್ಚನೆಯ ಹಳದಿ ಬಲ್ಬಿಗೆ ಬದಲಾಯಿಸಿದ ಮೇಲೆ ಆ ಪಟ್ಟೆಗಳು ಹೋದವು. ಹಳೆಯದನ್ನು ಅರ್ಧ ಬೆಲೆಗೂ ಯಾರೂ ತಗೊಳ್ಳಲಿಲ್ಲ.

ಮರುವರ್ಷ ಡಿಸೆಂಬರ್‌ನಲ್ಲಿ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ವಾರದ ಹತ್ತಿರ ಕತ್ತಲೆ. ಗಿಡ ಅಷ್ಟರಲ್ಲೇ ತುದಿಗೆ ಮೊಗ್ಗು ಕಟ್ಟಿತು. ಬಾಡಿಗೆ ಜನರೇಟರ್ ತರುವ ಹೊತ್ತಿಗೆ ಹೊಲದ ಮುಕ್ಕಾಲು ಪಾಲು ಗಿಡ್ಡ ಗಿಡ, ಚಿಕ್ಕ ಹೂವು. ಬಂದ ಹಣದಲ್ಲಿ ಕೊಯ್ಲಿನ ಕೂಲಿ ಹುಟ್ಟಿತು, ಅಷ್ಟೇ. ಈಗ ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಜನರೇಟರ್ ಇದೆ. ಎರಡು ರಾತ್ರಿ ಸಾಲಾಗಿ ಕತ್ತಲಾಗಲು ಬಿಡಲ್ಲ.

ವೋಲ್ಟೇಜ್ ತಲೆನೋವು ಕಳೆದದ್ದು ಸರದಿಯಿಂದ. ಹೊಲವನ್ನು ಮೂರು ಭಾಗ ಮಾಡಿ ಟೈಮರ್ ಇಟ್ಟೆ. ಪ್ರತಿ ಭಾಗಕ್ಕೆ ಹತ್ತು ನಿಮಿಷ ಬೆಳಕು, ಇಪ್ಪತ್ತು ನಿಮಿಷ ಬಿಡುವು, ರಾತ್ರಿ ಹತ್ತೂವರೆಯಿಂದ ಸುಮಾರು ಎರಡೂವರೆವರೆಗೆ. ಲೋಡು ಮೂರನೇ ಒಂದಕ್ಕೆ ಇಳಿಯಿತು, ಬಿಲ್ಲೂ ಹಾಗೇ. ಮೊಗ್ಗು ಒಂದೂ ಬರಲಿಲ್ಲ. ಸಂಜೆಯೇ ಹಚ್ಚುವವರು ನಮ್ಮಲ್ಲಿದ್ದಾರೆ. ಸೂರ್ಯ ಬೇಗ ಮುಳುಗುವುದು ನವೆಂಬರ್‌ನಲ್ಲಿ, ತಡವಾಗಿ ಹುಟ್ಟುವುದು ಜನವರಿ ಕೊನೆಗೆ, ಅತಿ ಚಿಕ್ಕ ಹಗಲು ಮಾತ್ರ ಡಿಸೆಂಬರ್ 21-22ಕ್ಕೆ. ಸಂಜೆ ನೋಡಿ ಲೆಕ್ಕ ಹಾಕಿದರೆ ತಪ್ಪುತ್ತೆ. ನಡುರಾತ್ರಿ ಹಿಡಿದರೆ ಈ ಗೊಂದಲವೇ ಇಲ್ಲ.

ಚಳಿಯ ವಾದ ಮಾಡುವವರಿಗಾಗಿಯೇ ಎರಡು ಸಾಲನ್ನು ಗೋಣಿತಾಟು ಕಟ್ಟಿ ಬೆಳಕಿನಿಂದ ಮರೆಮಾಡಿದ್ದೆ. ಅದೇ ನೀರು, ಅದೇ ಗೊಬ್ಬರ, ಅದೇ ಚಳಿ. ಮರೆಯ ಸಾಲು ಡಿಸೆಂಬರ್‌ನಲ್ಲೇ ಮೊಗ್ಗು, ಬೆಳಕಿನ ಸಾಲು ಒಂದೂವರೆ ಅಡಿ ಬೆಳೆದು ಹಸಿರಾಗೇ ನಿಂತಿತ್ತು. ಪಕ್ಕದ ಹೊಲದ ಹಿರಿಯರು ಅದನ್ನು ನೋಡಿ ಬಹಳ ಹೊತ್ತು ಗಿಡ ಮುಟ್ಟಿ ಮುಟ್ಟಿ ನೋಡಿದರು. ಈ ಗೀಳಿನಲ್ಲೇ ಅಂಗಳದಲ್ಲಿ ಒಂದು ಮೀಟರ್ ಕಬ್ಬಿಣದ ಸರಳು ನೆಟ್ಟು ವರ್ಷವಿಡೀ ನಡುಹಗಲ ನೆರಳು ಗುರುತು ಹಾಕಿದೆ. ಏಪ್ರಿಲ್ ಕೊನೆ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನೆರಳೇ ಇಲ್ಲ, ನಡುವಿನ ತಿಂಗಳುಗಳಲ್ಲಿ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡಿಸೆಂಬರ್‌ನಲ್ಲಿ ಮುಕ್ಕಾಲು ಮೀಟರ್ ಉತ್ತರಕ್ಕೆ. ಬೆಳೆಗೆ ಇದರಿಂದ ಲಾಭವಿಲ್ಲ, ಆದರೆ ಭೂಮಿಯ ವಾಲನ್ನು ನನ್ನ ಅಂಗಳದಲ್ಲೇ ಅಳೆದ ಖುಷಿ ದೊಡ್ಡದು.

ಜನವರಿ ಮೊದಲ ವಾರ ಬೆಳಕು ನಿಲ್ಲಿಸತೊಡಗಿದೆ, ಎರಡು ತಿಂಗಳ ಮೇಲೆ ಒಂದು ವಾರಕ್ಕೆ ಮೊದಲ ಕೊಯ್ಲು. ಬೆಳಕನ್ನು ಒಂದೇ ಸಲ ನಿಲ್ಲಿಸುವುದಿಲ್ಲ, ಅದಕ್ಕೊಂದು ಕ್ರಮವಿದೆ. ಗೊಂಚಲು ಬಿಡಿಬಿಡಿಯಾಗಿ ಬರುವುದು ಅದರಿಂದಲೇ. ಆ ಕ್ರಮ ಸದ್ಯಕ್ಕೆ ನನ್ನಲ್ಲೇ ಇರಲಿ. ಅರ್ಧ ಎಕರೆಗೆ ಎರಡೂವರೆ ಟನ್ ಹತ್ತಿರ ಬಂತು, ಹಬ್ಬದ ಮುಂಚಿನ ನಾಲ್ಕು ದಿನ ಕೆಜಿಗೆ ನೂರು ದಾಟಿತು, ಉಳಿದ ದಿನ ಐವತ್ತು ಅರವತ್ತು. ಖರ್ಚು ಕಳೆದು ಲಕ್ಷದ ಮೇಲೆ ಉಳಿಯಿತು. ಹಿಂದಿನ ಎರಡು ವರ್ಷದ ನಷ್ಟ ತೀರಿತು.

ದೀಪಕ್ಕೆ ಪತಂಗ ಬರುತ್ತವೆ, ಹುಳದ ಔಷಧಿ ಖರ್ಚು ಸ್ವಲ್ಪ ಜಾಸ್ತಿ ಹಿಡಿದುಕೊಳ್ಳಿ. ವರಮಹಾಲಕ್ಷ್ಮಿಗೆ ಹೂ ತರಲು ಈ ಬೇಸಿಗೆ ನಾಲ್ಕು ಮಡಿಗೆ ಸಂಜೆ ಕಪ್ಪು ಬಟ್ಟೆ ಹೊದಿಸಿ ನೋಡುತ್ತಿದ್ದೇನೆ. ಒಳಗೆ ಕಾವು ಏರಿ ಮೊಗ್ಗು ತಡವಾಗುತ್ತಿದೆ. ರಾತ್ರಿ ಒಂಬತ್ತಕ್ಕೆ ಬದಿ ಎತ್ತಿ ಗಾಳಿ ಬಿಟ್ಟ ಮಡಿಯಲ್ಲಿ ಮಾತ್ರ ಮೊಗ್ಗು ಹೊತ್ತಿಗೆ ಸರಿಯಾಗಿ ಕಂಡಿದೆ, ಉಳಿದ ಮೂರಕ್ಕೂ ಈಗ ಹಾಗೇ ಮಾಡಿದ್ದೇನೆ.